ಉತ್ತಮ ಪುರುಷನ ಕೈಯಲ್ಲಿ ಕೋವಿ

‘ಅಯ್ಯೋ, ನಾನು ಸತ್ತೆ!’ ಎಂದು ಕೋಣೆಯಿಂದ ಕೂಗು ಬಂತು. ನಮ್ಮವಳು ಸೌಟು ಹಿಡಿದೇ ಓಡಿದಳು. ಮಂಡಿನೋವು ಮರೆತು ನಾನೂ ಹಿಂದೆ ಹೋದೆ. ನೋಡಿದರೆ ಎಂಜಿನಿಯರಿಂಗ್ ಓದುವ ದೊಡ್ಡ ಮೊಮ್ಮಗ ಕಂಪ್ಯೂಟರ್ ಮುಂದೆ ನಗುತ್ತಾ ಕುಳಿತಿದ್ದ. ಸತ್ತದ್ದು ಆಟದಲ್ಲಿ!

ಸಿಟ್ಟು ಇಳಿದ ಮೇಲೆ ಯೋಚನೆಗೆ ಹತ್ತಿತು. ಚಿಕ್ಕವನಿದ್ದಾಗ ಇವನೇ ‘ಮಾರಿಯೋ ಸತ್ತ’ ಅನ್ನುತ್ತಿದ್ದ. ಈಗೇಕೆ ‘ನಾನು ಸತ್ತೆ’? ಕೇಳಿದ್ದಕ್ಕೆ, ‘ಇದು ಫಸ್ಟ್ ಪರ್ಸನ್ ಶೂಟರ್, ತಾತ’ ಅಂದ.

ಮಕ್ಕಳೇ, ನಿಮ್ಮ ವ್ಯಾಕರಣದ ಉತ್ತಮ ಪುರುಷವೇ ಈ ಫಸ್ಟ್ ಪರ್ಸನ್. ನಾನು, ನಾವು. ಮಾರಿಯೋ ತೊಗಲುಗೊಂಬೆಯ ಹಾಗೆ ಪರದೆಯ ಮೇಲೆ ಅಡ್ಡಡ್ಡ ಓಡುತ್ತಾನೆ. ನಾವು ಹೊರಗೆ ಕುಳಿತು ನೋಡುತ್ತೇವೆ. ಇಲ್ಲಿ ಪರದೆಯೇ ನಮ್ಮ ಕಣ್ಣು. ಕೆಳಗೆ ಕೈ ಮತ್ತು ಕೋವಿ ಮಾತ್ರ ಕಾಣುತ್ತವೆ, ಆಳು ಕಾಣುವುದಿಲ್ಲ. ಆ ಆಳು ನಾವೇ.

ಅವನು ಆಡುತ್ತಿದ್ದುದು ‘ಡೂಮ್’. 1993ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸಿನ ಇಡ್ ಸಾಫ್ಟ್‌ವೇರ್‌ನವರು ಹೊರತಂದ ಆಟ. ಮಂಗಳ ಗ್ರಹದ ಉಪಗ್ರಹದಲ್ಲಿ ಒಬ್ಬ ಸೈನಿಕ, ಎದುರಿಗೆ ನರಕದ ರಾಕ್ಷಸರು. ಆಮೇಲೆ ಬಂದ ಇಂಥ ಆಟಗಳನ್ನೆಲ್ಲ ಕೆಲವು ವರ್ಷ ಡೂಮ್‌ನ ನಕಲು ಅಂತಲೇ ಕರೆಯುತ್ತಿದ್ದರಂತೆ. ಸುರಂಗದಂಥ ದಾರಿ, ಬಣ್ಣದ ಕೀಲಿಗೆ ತೆರೆಯುವ ಬಾಗಿಲು, ಒಂದೊಂದು ಅಂಕಿ ಒತ್ತಿದರೆ ಒಂದೊಂದು ಆಯುಧ. ಆದರೆ ಕತ್ತೆತ್ತಿ ಮೇಲೆ ನೋಡುವಂತಿಲ್ಲ, ನನ್ನ ಕತ್ತುನೋವಿನ ಹಾಗೆ.

ನನಗೆ ಹಿಡಿಸಿದ್ದು ಪರದೆಯ ಕೆಳಗಿನ ಪಟ್ಟಿ. ಬ್ಯಾಂಕಿನಲ್ಲಿ ಜೀವಮಾನ ಸವೆಸಿದವನಿಗೆ ಅದು ಲೆಡ್ಜರೇ. ಆರಂಭದ ಶಿಲ್ಕು: ಆರೋಗ್ಯ 100, ಗುಂಡು 50. ಔಷಧಿ ಪೆಟ್ಟಿಗೆ ಸಿಕ್ಕರೆ 25 ಜಮಾ. ರಾಕ್ಷಸ ಹೊಡೆದರೆ ಖರ್ಚು. ನಡುವೆ ಒಂದು ಪುಟ್ಟ ಮುಖ, ಎಡಕ್ಕೂ ಬಲಕ್ಕೂ ಕಣ್ಣಾಡಿಸುತ್ತಾ ಇರುತ್ತದೆ. ಶಿಲ್ಕು ಇಳಿದಂತೆಲ್ಲ ಅದರಲ್ಲಿ ರಕ್ತ ಇಳಿಯುತ್ತದೆ. ಆಡುವವನಿಗೆ ತನ್ನ ಮುಖ ಕಾಣುವುದು ಅಲ್ಲೊಂದೇ ಕಡೆ. ಅದನ್ನು ನೋಡಿ ನನಗೆ ಸ್ವಲ್ಪ ಕಸಿವಿಸಿಯಾಯಿತು.

‘ನೀನೂ ಆಡು’ ಎಂದು ಕೂರಿಸಿದ. ಹತ್ತು ನಿಮಿಷಕ್ಕೆ ತಲೆ ಗಿರ್ರೆಂದಿತು. ದೇಹ ಕುರ್ಚಿಯಲ್ಲಿದ್ದು ಕಣ್ಣು ಮಾತ್ರ ಓಡಿದರೆ ಕೆಲವರಿಗೆ ಹೀಗಾಗುತ್ತದೆ. ಹುಡುಗ ತಕ್ಷಣ ಆಟ ನಿಲ್ಲಿಸಿ ನೀರು ತಂದುಕೊಟ್ಟ.

ಐದನೇ ಕ್ಲಾಸಿನ ಚಿಕ್ಕವನು ಅಷ್ಟು ಹೊತ್ತೂ ಕುರ್ಚಿಯ ಹಿಂದೆಯೇ ನಿಂತಿದ್ದ. ‘ನನಗೆ ಯಾವಾಗ, ತಾತ?’ ಅಮೆರಿಕದವರ ಲೆಕ್ಕದಲ್ಲಿ ಈ ಆಟ 17 ತುಂಬಿದವರಿಗೆ. ಇವನಿಗೆ 10. ಇನ್ನೂ 7 ವರ್ಷ ಬಾಕಿ ಎಂದೆ. ಅವನು ಬೆರಳು ಮಡಚಿ ಎಣಿಸಿದ. ‘ಆಗ ನಿನಗೆ 82. ಪಕ್ಕದಲ್ಲಿ ಕೂತು ಗುಂಡಿನ ಲೆಕ್ಕ ನೀನೇ ನೋಡ್ಕೋಬೇಕು.’

ಒಪ್ಪಿಕೊಂಡಿದ್ದೇನೆ.