ಗಾಜಿನ ಎಳೆಯಲ್ಲಿ ಸಾಗುವ ಸಂಕೇತ: ಸದಸ್ಯರ ಗಮನಕ್ಕೆ

ಇ-ಸ್ವತ್ತು ನಮೂನೆಯಾಗಲಿ, ಬಾಪೂಜಿ ಸೇವಾ ಕೇಂದ್ರದ ಅರ್ಜಿಯಾಗಲಿ, ಗಣಕಯಂತ್ರದೊಳಗೆ 0 ಮತ್ತು 1 ಎಂಬ ಅಂಕಿಗಳ ಸಾಲಾಗಿರುತ್ತದೆ. ಭಾರತ್‌ನೆಟ್ ಸಂಪರ್ಕವುಳ್ಳ ಕಚೇರಿಯಲ್ಲಿನ ಓಎನ್‌ಟಿ ಪೆಟ್ಟಿಗೆಯು ಈ ಅಂಕಿಗಳನ್ನು ಲೇಸರ್ ಬೆಳಕಿನ ಮಿಣುಕುಗಳನ್ನಾಗಿ ಪರಿವರ್ತಿಸುತ್ತದೆ. ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತುವಿನಲ್ಲಿ ಆ ಬೆಳಕು ಹೊರಗೆ ಸೋರದೆ, ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಮತ್ತೊಂದು ತುದಿಯ ಉಪಕರಣವು ಅದನ್ನು ಪುನಃ ವಿದ್ಯುತ್ ಸಂಕೇತವಾಗಿಸಿ ಅಂಕಿಗಳನ್ನು ಓದುತ್ತದೆ. ಹೋಗುವ ಹಾಗೂ ಬರುವ ಸಂಕೇತಗಳ ತರಂಗಾಂತರ ಬೇರೆ ಬೇರೆಯಾದ್ದರಿಂದ ಒಂದೇ ತಂತು ಎರಡಕ್ಕೂ ಸಾಕು.

ಸಂಪರ್ಕ ನಿಂತಾಗ ಮೊದಲು ಪೆಟ್ಟಿಗೆಯ ದೀಪಗಳನ್ನು ಗಮನಿಸಿರಿ. ಯಾವ ದೀಪವೂ ಉರಿಯದಿದ್ದರೆ ವಿದ್ಯುತ್ ಪೂರೈಕೆಯನ್ನು ಪರಿಶೀಲಿಸಿರಿ. ‘ಎಲ್‌ಓಎಸ್’ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕು ಕಚೇರಿಯನ್ನು ತಲುಪುತ್ತಿಲ್ಲವೆಂದರ್ಥ. ತಂತು ತುಂಡಾಗಿರುವ ಅಥವಾ ಕಳಚಿರುವ ಸಂಭವವುಂಟು. ದೂರಿನಲ್ಲಿ ಇದನ್ನೇ ಸ್ಪಷ್ಟವಾಗಿ ನಮೂದಿಸಿರಿ.

ತುಂಡಾದ ಗಾಜನ್ನು ತಾಮ್ರದ ತಂತಿಯಂತೆ ಹೊಸೆದು ಜೋಡಿಸಲಾಗದು; ಯಂತ್ರದಿಂದ ಕರಗಿಸಿ ಬೆಸೆಯಬೇಕು. ಅಲ್ಲಿಯವರೆಗೆ ಅರ್ಜಿದಾರರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಆದುದರಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ತಾಲ್ಲೂಕುಗಳ ಸದಸ್ಯರು, ಚರಂಡಿ, ರಸ್ತೆ ಅಥವಾ ಕುಡಿಯುವ ನೀರಿನ ಕೊಳವೆ ಕಾಮಗಾರಿಗೆ ಜೆಸಿಬಿ ಇಳಿಸುವ ಮುನ್ನ, ಕೇಂದ್ರ ಸರ್ಕಾರವು 2023ರಲ್ಲಿ ಆರಂಭಿಸಿದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್‌ನಲ್ಲಿ ಗುತ್ತಿಗೆದಾರರು ಮಾಹಿತಿ ಸಲ್ಲಿಸಿರುವುದನ್ನು ಖಚಿತಪಡಿಸಿಕೊಳ್ಳಲು ಕೋರಿದೆ.