ವೆಲ್ಲೆಸ್ಲಿಯ ಆಡಳಿತ ಮತ್ತು ನಮ್ಮ ತಾಲ್ಲೂಕಿನ ಗಡಿ

ಪ್ರೌಢಶಾಲೆಯ ಮಕ್ಕಳನ್ನು ಲಾರ್ಡ್ ವೆಲ್ಲೆಸ್ಲಿ ಯಾರೆಂದು ಕೇಳಿದರೆ ‘ಸಹಾಯಕ ಸೈನ್ಯ ಪದ್ಧತಿ ತಂದವನು’ ಎಂದು ಥಟ್ಟನೆ ಹೇಳುತ್ತಾರೆ. ಅದರಿಂದ ಯಾರಿಗೆ ಏನಾಯಿತು ಎಂದರೆ ಸುಮ್ಮನಾಗುತ್ತಾರೆ. ಮಾಂಬಳ್ಳಿಯ ಸುತ್ತಮುತ್ತ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ಇದಕ್ಕೆ ಉತ್ತರವನ್ನು ಸ್ಥಳೀಯ ನಕಾಶೆಯಲ್ಲೇ ತೋರಿಸಬಹುದು.

1760ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ವೆಲ್ಲೆಸ್ಲಿ 1798ರಲ್ಲಿ ಗವರ್ನರ್ ಜನರಲ್ ಆಗಿ ಬಂದನು. ಅದೇ ವರ್ಷ ಹೈದರಾಬಾದಿನ ನಿಜಾಮನು ಅವನ ಒಪ್ಪಂದಕ್ಕೆ ಒಳಪಟ್ಟನು. ಟಿಪ್ಪು ಸುಲ್ತಾನ್ ಒಳಪಡಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದನು.

ಆಮೇಲೆ ರಾಜ್ಯದ ಹಂಚಿಕೆ ನಡೆಯಿತು. ಕೆನರಾ, ಕೊಯಮತ್ತೂರು ಸೀಮೆಗಳನ್ನು ಕಂಪನಿ ಇಟ್ಟುಕೊಂಡಿತು. ಇದರಿಂದ ಮೈಸೂರಿಗೆ ಸಮುದ್ರ ತೀರವೇ ಇಲ್ಲವಾಯಿತು. ಒಂದು ಪಾಲು ನಿಜಾಮನಿಗೆ ಹೋಯಿತು. ಉಳಿದ ಭಾಗಕ್ಕೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ಅರಸರಾದರು, ಪೂರ್ಣಯ್ಯ ದಿವಾನರಾದರು. ಕಂಪನಿಯ ಸೈನ್ಯದ ಖರ್ಚಿಗೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡಬೇಕಾಯಿತು. ಆಡಳಿತ ಕೆಟ್ಟರೆ ರಾಜ್ಯವನ್ನು ಕಂಪನಿಯೇ ವಹಿಸಿಕೊಳ್ಳಬಹುದೆಂಬ ಷರತ್ತೂ ಇತ್ತು. 1831ರಲ್ಲಿ ಬೆಂಟಿಂಕ್ ಮೈಸೂರಿನ ಆಡಳಿತವನ್ನು ವಹಿಸಿಕೊಂಡಿದ್ದು ಈ ಷರತ್ತಿನ ಆಧಾರದ ಮೇಲೆಯೇ.

ಈಗ ನಮ್ಮ ಕಡೆಗೆ ಬರೋಣ. ಹಂಚಿಕೆಯ ನಂತರ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ಪೂರ್ಣಯ್ಯನವರಿಗೆ ಜಹಗೀರಾಯಿತು. ಮಾಂಬಳ್ಳಿ ಇರುವುದು ಯಳಂದೂರು ತಾಲ್ಲೂಕಿನಲ್ಲಿ. ಒಂದೇ ಮಾತು, ಒಂದೇ ಬಗೆಯ ಬೇಸಾಯದ ನೆರೆಹೊರೆಯವರಿಗೆ ಸರ್ಕಾರ ಬೇರೆ, ಕಂದಾಯದ ಕಚೇರಿ ಬೇರೆ ಆಯಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಯುದ್ಧಗಳ ಖರ್ಚಿನಿಂದ ಬೇಸತ್ತ ಕಂಪನಿಯ ನಿರ್ದೇಶಕರ ವಿರೋಧದ ನಡುವೆ ವೆಲ್ಲೆಸ್ಲಿ 1805ರಲ್ಲೇ ಹಿಂದಿರುಗಿದ್ದನು. ಅವನ ಹಂಚಿಕೆಯ ಗೆರೆ ಮಾತ್ರ 157 ವರ್ಷ ಇಲ್ಲಿ ಉಳಿಯಿತು.

ಬೋಧಿಸುವಾಗ ಕಪ್ಪುಹಲಗೆಯ ಮೇಲೆ ಮಾಂಬಳ್ಳಿ, ಯಳಂದೂರು, ಕೊಳ್ಳೇಗಾಲಗಳನ್ನು ಗುರುತಿಸಿ, ಮದ್ರಾಸಿಗೆ ಹೋದ ಭಾಗಕ್ಕೆ ಒಂದು ಬಣ್ಣ, ಮೈಸೂರಿನಲ್ಲಿ ಉಳಿದದ್ದಕ್ಕೆ ಇನ್ನೊಂದು ಬಣ್ಣ ಹಚ್ಚಬೇಕು. ಪದ್ಧತಿಯ ಹೆಸರನ್ನು ಆಮೇಲೆ ಹೇಳಿದರೆ ಸಾಕು. ಮೌಲ್ಯಮಾಪನಕ್ಕೆ ಎರಡು ಪ್ರಶ್ನೆಗಳು: ಮೈಸೂರಿಗೆ ಸಮುದ್ರ ತೀರ ಇಲ್ಲದಂತೆ ಮಾಡಿದ್ದರಿಂದ ಕಂಪನಿಗೆ ಏನು ಲಾಭ? ತನ್ನನ್ನು ಕಾಯುವ ಸೈನ್ಯಕ್ಕೆ ಹಣ ಕೊಟ್ಟೂ ಆ ಸೈನ್ಯದ ಮೇಲೆ ಅಧಿಕಾರವಿಲ್ಲದ ಅರಸನನ್ನು ಸ್ವತಂತ್ರನೆನ್ನಬಹುದೇ?