ಎರಡು ನಳಿಗೆ, ಒಂದೇ ವೃತ್ತ

ಎರಡು ಕಣ್ಣಪಾಪೆಗಳ ನಡುವಿನ ಅಂತರ ಎಲ್ಲರಲ್ಲೂ ಒಂದೇ ಆಗಿರುವುದಿಲ್ಲ. ವಯಸ್ಕರಲ್ಲಿ ಅದು ಸರಾಸರಿ 63 ಮಿಲಿಮೀಟರ್. ಕೆಲವರಲ್ಲಿ 54ರ ಹತ್ತಿರಕ್ಕೆ ಇಳಿಯುತ್ತದೆ, ಕೆಲವರಲ್ಲಿ 72ನ್ನು ದಾಟುತ್ತದೆ. ಕನ್ನಡಕದ ಅಂಗಡಿಯವರು ಮೂಗಿನ ಮೇಲೆ ಸ್ಕೇಲ್ ಹಿಡಿದು ಅಳೆದು, ಚೀಟಿಯಲ್ಲಿ ‘ಪಿ.ಡಿ.’ ಎಂದು ಬರೆಯುವುದು ಇದನ್ನೇ. ಕನ್ನಡಕ ಒಬ್ಬರ ಸ್ವತ್ತು. ಒಮ್ಮೆ ಅಳೆದು ಗಾಜು ಕೂರಿಸಿದರೆ ಮುಗಿಯಿತು. ದುರ್ಬೀನಿನ ಪಾಡು ಬೇರೆ. ರಂಗನತಿಟ್ಟಿನ ದೋಣಿಯಲ್ಲಿ ಒಂದೇ ದುರ್ಬೀನು ಅಪ್ಪನಿಂದ ಮಗಳಿಗೆ, ಮಗಳಿಂದ ಅಜ್ಜಿಗೆ ಕೈ ಬದಲಾಯಿಸುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಒಂದೇ ಸೂಕ್ಷ್ಮದರ್ಶಕದ ಮುಂದೆ ಒಬ್ಬರಾದ ಮೇಲೊಬ್ಬರು ಬಂದು ಕೂರುತ್ತಾರೆ. ಹೀಗಾಗಿ ಎರಡೂ ಕಣ್ಣಿನಿಂದ ನೋಡುವ ಉಪಕರಣಗಳಲ್ಲಿ ಐಪೀಸ್‌ಗಳನ್ನು, ಅಂದರೆ ಕಣ್ಣಿಗೆ ಹಿಡಿಯುವ ಮಸೂರಗಳನ್ನು, ಹತ್ತಿರ ತರುವ ಇಲ್ಲವೇ ದೂರ ಸರಿಸುವ ಏರ್ಪಾಡು ಬೇಕೇ ಬೇಕು. ಬಹುತೇಕ ದುರ್ಬೀನುಗಳಲ್ಲಿ ಈ ಅಂತರ ಸುಮಾರು 56ರಿಂದ 72 ಮಿ.ಮೀ.ವರೆಗೆ ಹೊಂದುತ್ತದೆ.

ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಾಣಬಹುದು. ಸೂರ್ಯನಿಲ್ಲದ ದಿಕ್ಕಿನ ಆಕಾಶಕ್ಕೆ ದುರ್ಬೀನು ಹಿಡಿದು, ಒಂದಡಿ ದೂರದಿಂದ ಐಪೀಸನ್ನು ನೋಡಿದರೆ ಗಾಜಿನ ನಡುವೆ ಚಿಕ್ಕದೊಂದು ಬೆಳಕಿನ ಬಿಲ್ಲೆ ಕಾಣುತ್ತದೆ. ಒಳಹೊಕ್ಕ ಬೆಳಕು ಹೊರಗೆ ಬರುವುದು ಈ ಬಿಲ್ಲೆಯ ಮೂಲಕ. ಮುಂದಿನ ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಅದರ ಅಳತೆ ಸಿಗುತ್ತದೆ: 8×42 ದುರ್ಬೀನಿನಲ್ಲಿ 5.25 ಮಿ.ಮೀ., ಜೇಬಿನಲ್ಲಿ ಹಿಡಿಸುವ 10×25ರಲ್ಲಿ ಬರೀ 2.5 ಮಿ.ಮೀ. ಹಗಲಿನಲ್ಲಿ ಕಣ್ಣಪಾಪೆ ಎರಡು ಮೂರು ಮಿಲಿಮೀಟರಿಗೆ ಕಿರಿದಾಗಿರುತ್ತದೆ. ಈ ಬಿಲ್ಲೆ ನೆಟ್ಟಗೆ ಆ ಪಾಪೆಯ ಮೇಲೇ ಬೀಳಬೇಕು. 10×25ರಲ್ಲಿ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಬೆಳಕಿನ ದೊಡ್ಡ ಪಾಲು ಪಾಪೆಯ ಸುತ್ತಲಿನ ಬಣ್ಣದ ಪೊರೆಗೆ ಬಡಿದು ವ್ಯರ್ಥವಾಗುತ್ತದೆ. ದೃಶ್ಯ ಮಂಕಾಗುತ್ತದೆ, ಅಂಚಿನಲ್ಲಿ ಕಪ್ಪು ನೆರಳು ಆಡುತ್ತದೆ. ಹಡಗಿನವರ ಅಚ್ಚುಮೆಚ್ಚಿನ 7×50ರಲ್ಲಿ ಬಿಲ್ಲೆ 7 ಮಿ.ಮೀ. ಅಗಲವಿರುವುದರಿಂದ ಹಡಗು ಓಲಾಡಿದರೂ ಹಗಲಿನಲ್ಲಿ ಕಣ್ಣು ಅದರಿಂದ ಆಚೆ ಹೋಗುವುದು ಅಪರೂಪ.

ಈ ವಿಷಯದಲ್ಲಿ ಜನರ ತಲೆ ಕೆಡಿಸಿದ್ದು ಸಿನಿಮಾ. ನಾಯಕ ದುರ್ಬೀನು ಎತ್ತಿದ ಕೂಡಲೇ ಪರದೆಯ ಮೇಲೆ ಒಂದಕ್ಕೊಂದು ಅಂಟಿಕೊಂಡ ಎರಡು ವೃತ್ತಗಳು ಮೂಡುತ್ತವೆ. ಸರಿಯಾಗಿ ಹೊಂದಿಸಿದ ಯಾವ ದುರ್ಬೀನಿನಲ್ಲೂ ಹಾಗೆ ಕಾಣುವುದಿಲ್ಲ. ಎರಡು ಕಣ್ಣಿಗೆ ಬಿದ್ದ ಎರಡು ವೃತ್ತಗಳನ್ನು ಮಿದುಳು ಒಂದರ ಮೇಲೊಂದು ಕೂರಿಸಿ ಒಂದೇ ದುಂಡು ದೃಶ್ಯ ಮಾಡಿಕೊಡುತ್ತದೆ. ಜೋಡಿ ವೃತ್ತ ಕಂಡರೆ ಉಪಕರಣ ಇನ್ನೂ ಹೊಂದಿಲ್ಲ ಎಂದೇ ಅರ್ಥ. ಪರದೆಯಲ್ಲಿ ನೋಡಿ ನೋಡಿ ಅದೇ ಸಹಜವೆಂದು ನಂಬಿದವರು ವರ್ಷಗಟ್ಟಲೆ ಹಾಗೆಯೇ ಹಕ್ಕಿ ನೋಡುತ್ತಾರೆ. ಇನ್ನು ಕೆಲವರು ಒಂದು ಕಣ್ಣು ಮುಚ್ಚಿಕೊಂಡು, ಜೋಡಿ ನಳಿಗೆಗೆ ಕೊಟ್ಟ ದುಡ್ಡಿನಲ್ಲಿ ಅರ್ಧವನ್ನು ಕಳೆದುಕೊಳ್ಳುತ್ತಾರೆ. ಹೊಂದಿಸುವ ಕೆಲಸ ಅರ್ಧ ನಿಮಿಷದ್ದು. ನಳಿಗೆಗಳನ್ನು ಪೂರ್ತಿ ಅಗಲಿಸಿ, ದೂರದ ವಸ್ತುವೊಂದನ್ನು ನೋಡುತ್ತಾ ನಿಧಾನವಾಗಿ ಮಡಿಸುತ್ತಾ ಬಂದರೆ ಒಂದು ಹಂತದಲ್ಲಿ ಎರಡು ವೃತ್ತಗಳೂ ಬೆರೆತು, ನೆರಳುಗಳೆಲ್ಲ ಹಿಂದೆ ಸರಿಯುತ್ತವೆ. ನಡುಕೀಲಿನ ತುದಿಯಲ್ಲಿ ಎಷ್ಟೋ ದುರ್ಬೀನುಗಳಿಗೆ ಮಿ.ಮೀ. ಅಂಕಿಗಳನ್ನು ಕೊರೆದಿರುತ್ತಾರೆ. ಆ ಕ್ಷಣ ಗೆರೆಯ ಎದುರಿಗಿರುವ ಅಂಕಿಯೇ ನೋಡುವವರ ಅಂಕಿ. ಸಾಮಾನ್ಯವಾಗಿ ಬಲ ಐಪೀಸಿನಲ್ಲಿ ಇರುವ ತಿರುಗುಬಳೆಗೂ ಇದಕ್ಕೂ ಸಂಬಂಧವಿಲ್ಲ. ಅದು ಎರಡು ಕಣ್ಣುಗಳ ಪವರ್ ವ್ಯತ್ಯಾಸವನ್ನು ಸರಿದೂಗಿಸಲು ಇರುವುದು.

ದೂರದರ್ಶಕ ಹುಟ್ಟಿದ ವರ್ಷವೇ ಜೋಡಿ ನಳಿಗೆಯ ಬೇಡಿಕೆಯೂ ಹುಟ್ಟಿತು. 1608ರಲ್ಲಿ ಹಾನ್ಸ್ ಲಿಪರ್ಷೇ ತನ್ನ ದೂರದರ್ಶಕಕ್ಕೆ ಪೇಟೆಂಟ್ ಕೇಳಿದಾಗ, ಎರಡು ಕಣ್ಣಿಗೂ ಆಗುವಂಥದ್ದನ್ನು ಮಾಡಿಕೊಡು ಎಂದು ನೆದರ್‌ಲ್ಯಾಂಡ್ಸ್‌ನ ಆಳುವವರು ಹೇಳಿದ್ದರು. ಅದೇ ವರ್ಷದ ಡಿಸೆಂಬರ್ ಹೊತ್ತಿಗೆ ಅವನು ಮಾಡಿಯೂ ಕೊಟ್ಟ. ಇಂದಿನ ರೂಪ ಬಂದದ್ದು ಬಹಳ ತಡವಾಗಿ. ಇಟಲಿಯ ಇಗ್ನಾಜಿಯೊ ಪೊರ್ರೊ 1854ರಲ್ಲಿ ಪೇಟೆಂಟ್ ಪಡೆದ ಪ್ರಿಸಂ ಜೋಡಣೆಯನ್ನು ಎರ್ನ್ಸ್ಟ್ ಆಬೆಯ ಮಾರ್ಗದರ್ಶನದಲ್ಲಿ ಜೈಸ್ ಕಂಪನಿ ಸುಧಾರಿಸಿ, 1894ರಲ್ಲಿ ಪ್ರಿಸಂ ದುರ್ಬೀನುಗಳನ್ನು ಮಾರುಕಟ್ಟೆಗೆ ತಂದಿತು. ನಡುವಿನ ಕೀಲಿನಲ್ಲಿ ಮಡಿಸುವ ಆ ಮಾದರಿಯೇ ಇಂದಿಗೂ ಉಳಿದಿದೆ.

ಈ ಮಡಿಸುವಿಕೆಯಲ್ಲಿ ಒಂದು ವಿಸ್ಮಯ ಅಡಗಿದೆ, ಹೆಚ್ಚಿನವರು ಅದನ್ನು ಗಮನಿಸಿರುವುದೇ ಇಲ್ಲ. ಅಂತರ ಬದಲಿಸುವಾಗ ನಳಿಗೆಗಳು ಬರೀ ಪಕ್ಕಕ್ಕೆ ಸರಿಯುವುದಿಲ್ಲ. ಕೀಲಿನ ಸುತ್ತ ತಿರುಗುವುದರಿಂದ ಎಡ ನಳಿಗೆ ಒಂದು ಕಡೆಗೆ, ಬಲ ನಳಿಗೆ ಅದರ ವಿರುದ್ಧ ಕಡೆಗೆ ಹಲವು ಡಿಗ್ರಿ ವಾಲುತ್ತದೆ. ಒಳಗಿನ ಪ್ರಿಸಂಗಳೂ ಅಷ್ಟೇ ವಾಲುತ್ತವೆ. ಹಾಗಿದ್ದರೆ ಎಡಗಣ್ಣಿಗೆ ತೆಂಗಿನ ಮರ ಈಚೆ ಬಾಗಿದಂತೆ, ಬಲಗಣ್ಣಿಗೆ ಆಚೆ ಬಾಗಿದಂತೆ ಕಾಣಬೇಕಿತ್ತಲ್ಲವೇ? ಎಷ್ಟು ಮಡಿಸಿದರೂ ಮರ ಎರಡು ಕಣ್ಣಿಗೂ ನೆಟ್ಟಗೇ ಕಾಣುತ್ತದೆ. ಬೇಕಿದ್ದರೆ ಒಂದೇ ನಳಿಗೆಯಲ್ಲಿ ವಿದ್ಯುತ್ ಕಂಬವನ್ನು ನೋಡುತ್ತಾ, ಇನ್ನೊಂದು ನಳಿಗೆ ಹಣೆಯ ಮೇಲೆ ಬರುವಷ್ಟು ಇಡೀ ದುರ್ಬೀನನ್ನು ತಿರುಗಿಸಬಹುದು. ಕಂಬ ಒಂದಿಷ್ಟೂ ವಾಲುವುದಿಲ್ಲ.

ಕಾರಣ ಬಹಳ ಸೊಗಸಾದದ್ದು. ಮುಂದಿನ ಮಸೂರ ಮೂಡಿಸುವ ಬಿಂಬ ತಲೆಕೆಳಗೂ ಹೌದು, ಎಡಬಲ ಅದಲುಬದಲೂ ಹೌದು. ಅಂದರೆ ಅದು ಸರಿಯಾಗಿ ಅರ್ಧ ಸುತ್ತು ತಿರುಗಿದ ಚಿತ್ರ. ಪೊರ್ರೊ ಜೋಡಣೆಯ ಒಂದು ಪ್ರಿಸಂ ಅದನ್ನು ಮೇಲೆ ಕೆಳಗೆ ಮಗುಚುತ್ತದೆ. ಅದಕ್ಕೆ ಅಡ್ಡಲಾಗಿ ಕೂತ ಇನ್ನೊಂದು ಎಡಬಲ ಮಗುಚುತ್ತದೆ. ಎರಡೂ ಸೇರಿದರೆ ಮತ್ತೊಂದು ಅರ್ಧ ಸುತ್ತು, ಚಿತ್ರ ಮೊದಲಿದ್ದಂತೆ. ಗಮನಿಸಬೇಕಾದ ಅಂಶ ಇಲ್ಲಿದೆ: ಅರ್ಧ ಸುತ್ತಿಗೆ ದಿಕ್ಕಿನ ಹಂಗಿಲ್ಲ. ಪ್ರಿಸಂ ಜೋಡಿಯನ್ನು ಹೇಗೇ ವಾಲಿಸಿ ಹಿಡಿದರೂ ಅದು ಚಿತ್ರವನ್ನು ತಿರುಗಿಸುವುದು ಅರ್ಧ ಸುತ್ತು ಮಾತ್ರ, ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದೇ ದಿಕ್ಕಿನಲ್ಲಿ ಮಗುಚುವ ಡವ್ ಪ್ರಿಸಂ ಎಂಬುದಕ್ಕೆ ಈ ಗುಣವಿಲ್ಲ. ಅದನ್ನು 10 ಡಿಗ್ರಿ ತಿರುಗಿಸಿದರೆ ಚಿತ್ರ 20 ಡಿಗ್ರಿ ತಿರುಗುತ್ತದೆ. ದುರ್ಬೀನಿನಲ್ಲಿ ಅಂಥದ್ದು ಇದ್ದಿದ್ದರೆ ಕೀಲು ಮಡಿಸಿದಾಗಲೆಲ್ಲ ಪ್ರಪಂಚ ಎರಡು ಕಣ್ಣಿಗೆ ಎರಡು ದಿಕ್ಕಿಗೆ ವಾಲುತ್ತಿತ್ತು. ಪೊರ್ರೊ ಪ್ರಿಸಂಗಳಾದರೂ ಒಂದಕ್ಕೊಂದು ಲಂಬವಾಗಿಯೇ ಇರಬೇಕು. ಕೆಳಗೆ ಬಿದ್ದ ದುರ್ಬೀನಿನಲ್ಲಿ ಒಂದು ಪ್ರಿಸಂ ಒಂದು ಡಿಗ್ರಿ ತಿರುಗಿದರೂ ಆ ಕಡೆಯ ಚಿತ್ರ ಎರಡು ಡಿಗ್ರಿ ಓರೆಯಾಗುತ್ತದೆ.

ಕೀಲಿಗೂ ತನ್ನದೇ ಕಟ್ಟುನಿಟ್ಟು ಉಂಟು. ಎರಡು ನಳಿಗೆಗಳ ದೃಷ್ಟಿರೇಖೆಗಳು ಪರಸ್ಪರ ಸಮಾಂತರವಾಗಿದ್ದರೆ ಸಾಲದು, ಕೀಲಿನ ಅಕ್ಷಕ್ಕೂ ಸಮಾಂತರವಾಗಿರಬೇಕು. ಈ ಎರಡನೆಯ ಷರತ್ತು ತಪ್ಪಿದ್ದರೆ, ರಿಪೇರಿ ಮಾಡುವವರು ಒಂದು ಅಂತರದಲ್ಲಿ ಎರಡು ಚಿತ್ರಗಳನ್ನು ಕೂಡಿಸಿ ಕೊಟ್ಟರೂ ಇನ್ನೊಂದು ಅಂತರಕ್ಕೆ ಮಡಿಸಿದಾಗ ಅವು ಬೇರೆಯಾಗುತ್ತವೆ. ಅದೇ ದುರ್ಬೀನು 64ರ ಅಂತರದವರಿಗೆ ಚೆನ್ನಾಗಿಯೇ ಕಂಡು, 58ರವರಿಗೆ ತಲೆನೋವು ತರಬಹುದು. ಕಣ್ಣುಗಳು ಮೂಗಿನ ಕಡೆಗೆ ಸಲೀಸಾಗಿ ತಿರುಗುತ್ತವೆ. ಹೊರಕ್ಕೆ ಅಗಲುವುದಾಗಲಿ, ಒಂದು ಮೇಲೆ ಒಂದು ಕೆಳಗೆ ನೋಡುವುದಾಗಲಿ ಅವಕ್ಕೆ ಬಲು ಕಷ್ಟ. ದುರ್ಬೀನು ನೋಡಿದರೆ ದೃಷ್ಟಿ ಹಾಳಾಗುತ್ತದೆ ಎಂದು ಮಕ್ಕಳ ಕೈಯಿಂದ ಅದನ್ನು ಕಿತ್ತುಕೊಳ್ಳುವ ಹಿರಿಯರು ಇದನ್ನು ತಿಳಿಯಬೇಕು. ಸೂರ್ಯನತ್ತ ತಿರುಗಿಸದಿದ್ದರೆ ದುರ್ಬೀನಿನಿಂದ ದೃಷ್ಟಿಗೆ ಕೇಡಿಲ್ಲ. ಕಣ್ಣು ಸೋಲುವುದು ಸರಿಯಾಗಿ ಹೊಂದದ ನಳಿಗೆಗಳಿಂದ.

ಪ್ರಯೋಗಾಲಯದ ಸೂಕ್ಷ್ಮದರ್ಶಕದಲ್ಲಿ ಒಂದೇ ವಸ್ತುಮಸೂರದ ಬೆಳಕನ್ನು ಸೀಳಿ ಎರಡು ಕಣ್ಣಿಗೆ ಹಂಚುತ್ತಾರೆ. ಇಲ್ಲಿ ಅಂತರ ಹೊಂದಿಸಲು ಎರಡು ಪದ್ಧತಿಗಳಿವೆ. ಲೈಟ್ಸ್ ಕಂಪನಿಯ ಫೆಲಿಕ್ಸ್ ಯೆಂಚ್ ಹೆಸರಿನದರಲ್ಲಿ ನಳಿಗೆಗಳು ಅಕ್ಕಪಕ್ಕಕ್ಕೆ ಜಾರುತ್ತವೆ. ಜೈಸ್‌ನ ಹೆನ್ರಿ ಸೀಡೆನ್‌ಟಾಫ್ ಹೆಸರಿನದರಲ್ಲಿ ದುರ್ಬೀನಿನಂತೆ ಮಡಿಚಿಕೊಳ್ಳುತ್ತವೆ. ಜಾರುವ ಮಾದರಿಯಲ್ಲಿ ಒಂದು ತೊಡಕು: ನಳಿಗೆಗಳನ್ನು ಅಗಲಿಸಿದಂತೆ ಬೆಳಕು ಸಾಗುವ ದಾರಿಯೂ ಉದ್ದವಾಗುತ್ತದೆ. ಅಂತರ 10 ಮಿ.ಮೀ. ಹಿಗ್ಗಿದರೆ ಪ್ರತಿ ಕಣ್ಣಿನ ದಾರಿ 5 ಮಿ.ಮೀ. ಹೆಚ್ಚಿ, 160 ಮಿ.ಮೀ. ಉದ್ದದ ನಳಿಗೆಯಲ್ಲಿ ವರ್ಧನೆ ಸುಮಾರು ಶೇಕಡಾ 3ರಷ್ಟು ಏರುತ್ತದೆ. ಮೈಕ್ರೋಮೀಟರ್ ಗಾಜಿನಿಂದ ಜೀವಕೋಶ ಅಳೆಯುವವರಿಗೆ ಅದು ಸಣ್ಣ ತಪ್ಪಲ್ಲ. ಅದಕ್ಕೇ ಅಂಥ ಹಳೆಯ ಉಪಕರಣಗಳಲ್ಲಿ ಐಪೀಸಿನ ಬುಡದಲ್ಲಿ ಅಂಕಿಯಿರುವ ಬಳೆ ಕೊಟ್ಟಿರುತ್ತಾರೆ. ಅಂತರದ ಅಂಕಿ ಎಷ್ಟೋ ಬಳೆಯನ್ನೂ ಅಷ್ಟಕ್ಕೇ ತಿರುಗಿಸಿದರೆ ಉದ್ದ ಸರಿಹೋಗುತ್ತದೆ. ಬಳೆ ಇರುವುದೇಕೆಂದು ಕೇಳದೆ ವರ್ಷಗಳನ್ನು ಕಳೆದ ಪ್ರಯೋಗಾಲಯಗಳು ಕಡಿಮೆಯಿಲ್ಲ. ಮಡಿಸುವ ಮಾದರಿಯಲ್ಲಿ ದಾರಿಯ ಉದ್ದ ಬದಲಾಗುವುದಿಲ್ಲ, ಈಗ ಹೆಚ್ಚಾಗಿ ಸಿಗುವುದೂ ಅದೇ.

ಹತ್ತಿರದ ವಸ್ತುವನ್ನು ನೋಡುವಾಗ ಕಣ್ಣುಗಳು ಒಳಕ್ಕೆ ತಿರುಗಿ ಪಾಪೆಗಳ ಅಂತರ ಎರಡು ಮೂರು ಮಿಲಿಮೀಟರ್ ತಗ್ಗುತ್ತದೆ. ಎರಡು ಮೀಟರ್ ದೂರದ ಚಿಟ್ಟೆಗೆ ದುರ್ಬೀನು ತಿರುಗಿಸಿದರೆ ಎರಡು ವೃತ್ತಗಳು ಮತ್ತೆ ಬೇರೆಯಾಗುವುದು ಇದರಿಂದಲೂ, ಎರಡು ನಳಿಗೆಗಳು ಸಮಾಂತರವಾಗಿ ದಿಟ್ಟಿಸುವುದರಿಂದಲೂ. ಕೀಲನ್ನು ತುಸು ಮಡಿಸಿದರೆ ಒಂದಿಷ್ಟು ಸುಧಾರಿಸುತ್ತದೆ. ಚಿಟ್ಟೆಗಳಿಗೆಂದೇ ಬಂದ ಪೆಂಟಾಕ್ಸ್ ಪ್ಯಾಪಿಲಿಯೊದಲ್ಲಿ ಫೋಕಸ್ ತಿರುಗಿಸಿದಂತೆ ಮುಂದಿನ ಮಸೂರಗಳೇ ಪರಸ್ಪರ ಹತ್ತಿರ ಸರಿಯುತ್ತವೆ, ಅರ್ಧ ಮೀಟರ್ ದೂರದ ಹೂವೂ ಒಂದೇ ವೃತ್ತದಲ್ಲಿ ಕಾಣುತ್ತದೆ.

ಮಕ್ಕಳ ವಿಷಯ ಕೊನೆಗೆ. ಐದಾರು ವರ್ಷದ ಮಗುವಿನ ಪಾಪೆಗಳ ಅಂತರ ಸುಮಾರು 50 ಮಿ.ಮೀ.; 56ಕ್ಕೆ ನಿಂತುಬಿಡುವ ದುರ್ಬೀನಿನಲ್ಲಿ ಆ ಮಗುವಿಗೆ ಎರಡು ಕಣ್ಣಿನಿಂದ ಏನೂ ನೆಟ್ಟಗೆ ಕಾಣದು. ‘ಏನೂ ಕಾಣ್ತಿಲ್ಲ’ ಎಂದು ಮಗು ಹೇಳಿದರೆ ಅದು ಹಟವಲ್ಲ. ಎರಡು ಕೀಲುಗಳಿರುವ ಪುಟ್ಟ ದುರ್ಬೀನುಗಳು ಇನ್ನೂ ಕಿರಿದಾಗಿ ಮಡಿಚಿಕೊಳ್ಳುತ್ತವೆ, ಎರಡೂ ಕಡೆ ಸಮವಾಗಿ ಮಡಿಸಬೇಕಷ್ಟೆ. ಮಗುವಿಗಾಗಿ ದುರ್ಬೀನು ಕೊಳ್ಳುವವರು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಕೇಳುವ ಮೊದಲು ನಳಿಗೆಗಳು ಎಷ್ಟು ಹತ್ತಿರ ಬರುತ್ತವೆ ಎಂದು ಕೇಳಲಿ, ಆಗದಿದ್ದರೆ ಮಗುವನ್ನೇ ಅಂಗಡಿಗೆ ಕರೆದೊಯ್ದು ಅದರ ಕಣ್ಣಿಗೆ ಹಿಡಿದು ನೋಡಲಿ.